ಖಾಲಿ ಕಳಿಸಬಾರದ ಡಬ್ಬಿ

ಹೊಟ್ಟೆಯ ವಿಷಯವನ್ನು ಗಂಭೀರವಾಗಿ ಮಾತಾಡಬೇಕೆಂದು ಯಾರಾದರೂ ಎದ್ದು ನಿಂತರೆ ಸಾಕು, ನಮ್ಮ ಕಡೆ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ.

ನನ್ನ ಮಟ್ಟಿಗೆ ಅದು ಶುರುವಾದದ್ದು ಒಂದು ಬುಧವಾರ, ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್ಡಿನಲ್ಲಿ. ನಾನು ಕೂಡ್ಲಿಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಂದು ಬೋರ್ಡಿನ ಮೇಲೆ ಜೀರ್ಣಾಂಗಗಳ ಚಿತ್ರ ಬರೆಯುತ್ತಿದ್ದೆ. ಅನ್ನನಾಳ, ಜಠರ, ಸಣ್ಣ ಕರುಳು ಮುಗಿಸಿ ದೊಡ್ಡ ಕರುಳಿಗೆ ಬಂದಾಗ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು.

"ಟೀಚರ್, ಹೊಟ್ಟಿ ಫೌಂಡೇಶನ್ನಿನೋರು ಬಂದಾರ. ಇದು ನಿಮ್ಮ ಪಾಠ. ನೀವ ನೋಡ್ಕೊಳ್ರಿ."

ಅಂಗಳದಲ್ಲಿ ಒಂದು ಜೀಪು ನಿಂತಿತ್ತು. ಅದರಲ್ಲಿ ಮೈಸೂರು ಕಡೆಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಮತ್ತು ಕೊಟ್ಟೂರಿನ ಹಿರಿಯ ಡ್ರೈವರು. ಡ್ರೈವರನ್ನು ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದರು.

"ನಮ್ಮ ಕೆಲಸ ಎರಡು," ಎಂದರು ಡಾಕ್ಟರಮ್ಮ. "ಜನರಿಗೆ ಕರುಳಿನ ಕಾಯಿಲೆಗಳ ಬಗ್ಗೆ ತಿಳಿಸಿ ಪರೀಕ್ಷೆ ಮಾಡಿಸುವುದು ಒಂದು. ಕಾಯಿಲೆ ಇದ್ದವರು ಇಷ್ಟು ತಡವಾಗಿ ಯಾಕೆ ಬರುತ್ತಾರೆ ಅಂತ ಸಂಶೋಧನೆ ಮಾಡುವುದು ಇನ್ನೊಂದು. ಈ ಐದು ತಾಲ್ಲೂಕುಗಳಲ್ಲಿ ನಮ್ಮ ಜೊತೆ ಓಡಾಡಲು ಒಬ್ಬ ಶಿಕ್ಷಕರು ಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಕರುಳಿನ ತೊಂದರೆ ಇತ್ತೇ?"

"ನಮ್ಮ ಮನೆಯವರಿಗೆ," ಎಂದೆ. "ದೊಡ್ಡ ಕರುಳಿನ ಕ್ಯಾನ್ಸರ್. ಗ್ಯಾಸ್ ಅಂದುಕೊಂಡಿದ್ದರು."

ಅವರು ಅದನ್ನು ಬರೆದುಕೊಂಡು ಕೇಳಿದರು: "ಅವರಿಗೆ ಒಡಹುಟ್ಟಿದವರು ಇದ್ದಾರೆಯೇ?"

"ಒಬ್ಬ ತಮ್ಮ."

"ಹಾಗಾದರೆ ಮೊದಲು ನೋಡಬೇಕಾದದ್ದು ಅವರನ್ನು."

ನನ್ನ ಮೈದುನನಿಗೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಮಿರ್ಚಿ ಅಂಗಡಿ. ಮೊದಲೆಲ್ಲ ಭಾನುವಾರ ಬೆಳಗಿನ ಬಸ್ಸಿಗೆ ನಾನು ಒಂದು ಸ್ಟೀಲ್ ಡಬ್ಬಿಯಲ್ಲಿ ಏನಾದರೂ ಮಾಡಿ ಕಳಿಸುತ್ತಿದ್ದೆ. ಸಂಜೆಯ ಬಸ್ಸಿಗೆ ಅದೇ ಡಬ್ಬಿ ಅವನ ಅಣ್ಣನಿಗೆಂದು ಬಿಸಿ ಮಿರ್ಚಿ ಬಜ್ಜಿ ತುಂಬಿಕೊಂಡು ವಾಪಸ್ ಬರುತ್ತಿತ್ತು. ನಮ್ಮ ಮನೆಯವರು ತೀರಿಕೊಂಡಾಗ ಡಬ್ಬಿ ಅಂಗಡಿಯಲ್ಲಿತ್ತು. ಅಲ್ಲೇ ಉಳಿಯಿತು. ನಾನು ಕೇಳಲಿಲ್ಲ, ಅವನು ಕಳಿಸಲಿಲ್ಲ.

ಆ ದಿನ ಸಂಜೆಯೇ ಫೋನ್ ಮಾಡಿದೆ.

"ನಂಗೇನಾಗೈತಿ ಅತ್ತಿಗಿ? ಕಲ್ಲು ತಿಂದ್ರೂ ಕರಗಿಸ್ತೀನಿ," ಎಂದ. "ಮಿರ್ಚಿ ಅಂಗಡಿಯವಗ ಹೊಟ್ಟಿ ರೋಗ ಅಂತ ಊರಾಗ ಸುದ್ದಿ ಆದ್ರ, ನಾಳಿಂದ ಬಾಣಲಿ ಬೋರಲು ಹಾಕಿ ಅದರ ಮ್ಯಾಲ ಕುಂದರಬೇಕಾಗ್ತೈತಿ."

ಅವನ ಹೆಂಡತಿ ಫೋನ್ ಇಸಿದುಕೊಂಡು ಮೆಲ್ಲಗೆ ಹೇಳಿದಳು: "ಅಕ್ಕಾ, ಸೊರಗ್ಯಾರ. ಕೇಳಿದ್ರ ಬೆಂಕಿ ಮುಂದ ನಿಂತು ಹಿಂಗಾಗೇನಿ ಅಂತಾರ."

ಮರುದಿನ ನಾನು ಡಾಕ್ಟರಮ್ಮನಿಗೆ ಬರುತ್ತೇನೆಂದು ಹೇಳಿದೆ.

ಹಾರ

ಮೊದಲ ಕಾರ್ಯಕ್ರಮ ನಮ್ಮ ಶಾಲೆಯ ಅಂಗಳದಲ್ಲೇ ಆಯಿತು. ಫೌಂಡೇಶನ್ನಿನವರು ಗುಲಾಬಿ ಬಟ್ಟೆಯಲ್ಲಿ ಹತ್ತಿ ತುಂಬಿ ಹೊಲಿಸಿದ ದೊಡ್ಡ ಕರುಳೊಂದನ್ನು ತಂದಿದ್ದರು. ತೋಳಿನಷ್ಟು ದಪ್ಪ, ಎರಡು ಆಳಿನಷ್ಟು ಉದ್ದ. ಅದನ್ನು ಹಿಡಿದು ತೋರಿಸುತ್ತಾ ಪಾಠ ಮಾಡುವುದು ಅವರ ಕ್ರಮ.

ಉದ್ಘಾಟನೆಗೆ ಊರಿನ ಮುಖಂಡರೊಬ್ಬರು ಬಂದಿದ್ದರು. ಚಾಚಾ ಜೀಪಿನಿಂದ ಕರುಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ವೇದಿಕೆ ಹತ್ತಿದರು. ಅಷ್ಟು ದೊಡ್ಡ ಗುಲಾಬಿ ಹಾರ ತಮ್ಮ ಕಡೆಗೇ ಬರುವುದನ್ನು ಕಂಡ ಮುಖಂಡರು ಎದ್ದು ನಿಂತು, ಕೈ ಮುಗಿದು, ಕುತ್ತಿಗೆ ಬಗ್ಗಿಸಿದರು. ಚಾಚಾ ನನ್ನನ್ನು ನೋಡಿದರು. ನಾನು ಡಾಕ್ಟರಮ್ಮನನ್ನು ನೋಡಿದೆ. ಬಗ್ಗಿದ ಕುತ್ತಿಗೆ ಬಗ್ಗಿದಂತೆಯೇ ಇತ್ತು. ಹಿರಿಯರನ್ನು ಎಷ್ಟು ಹೊತ್ತು ಹಾಗೆ ಕಾಯಿಸುವುದು? ಚಾಚಾ ಹಾಕಿಯೇಬಿಟ್ಟರು. ಜನ ಚಪ್ಪಾಳೆ ಹೊಡೆದರು.

ಮುಖಂಡರು ಆರೋಗ್ಯವೇ ಭಾಗ್ಯ ಎಂಬುದರ ಮೇಲೆ ಬಹಳ ಹೊತ್ತು ಮಾತಾಡಿದರು. ಮಾತಿನ ನಡುನಡುವೆ ಗುದನಾಳದ ತುದಿಯನ್ನು ಶಲ್ಯದ ಅಂಚಿನಂತೆ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು.

"ತೆಗೆಸಲೇ?" ಎಂದು ಡಾಕ್ಟರಮ್ಮ ನನ್ನ ಕಿವಿಯಲ್ಲಿ ಕೇಳಿದರು.

"ಬೇಡ," ಎಂದೆ. "ಎಲ್ಲರ ಕಣ್ಣೂ ಅಲ್ಲೇ ಇದೆ."

ಹಾಗಾಗಿ ಅವರು ಕೋಲು ಹಿಡಿದು ಮುಖಂಡರ ಮೈಮೇಲೆಯೇ ಪಾಠ ಮಾಡಿದರು. "ಇಲ್ಲಿ ಸಣ್ಣ ಗಂಟು ಬೆಳೆಯುತ್ತದೆ. ಇಲ್ಲಿ ನೋವೇ ಇಲ್ಲದೆ ರಕ್ತ ಒಸರುತ್ತದೆ. ಮನುಷ್ಯನಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ." ಹಿಂದೆ ನಿಂತಿದ್ದವರೂ ಮುಂದಕ್ಕೆ ಸರಿದರು.

ಪಾಠ ಮುಗಿದಾಗ ಪರೀಕ್ಷೆಗೆ ಮೊದಲು ಮುಂದೆ ಬಂದವರು ಮುಖಂಡರೇ. "ನಂದೂ ಒಂದು ಬರ್ಕೊಳ್ರಿ," ಎಂದರು. "ಕೊಳ್ಳಾಗ ಹಾಕ್ಕೊಂಡಾಗಿಂದ ಯಾಕೋ ಒಳಗಿಂದ ಎಲ್ಲಾ ನೆನಪಾಗಾಕತ್ತೈತಿ."

ಮಾಗಳದ ಡಬ್ಬಿಗಳು

ಪರೀಕ್ಷೆ ಸುಲಭದ್ದು. ಕುಂಕುಮದ ಭರಣಿಯಷ್ಟು ದೊಡ್ಡ, ಮುಚ್ಚಳವಿರುವ ಒಂದು ಬಿಳಿ ಡಬ್ಬಿ ಕೊಡುತ್ತಾರೆ. ಬೆಳಿಗ್ಗೆ ಹೊರಕಡೆಗೆ ಹೋದಾಗ ಅದರಲ್ಲಿ ಒಂದಿಷ್ಟು ತಂದುಕೊಟ್ಟರೆ, ಕಣ್ಣಿಗೆ ಕಾಣದ ರಕ್ತವಿದ್ದರೂ ಯಂತ್ರ ಹಿಡಿಯುತ್ತದೆ.

ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಹೆಂಗಸರೆಲ್ಲ ಸೇರಿದ್ದರು. ಡಬ್ಬಿ ಹಂಚಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಚಿತ್ರ ತೋರಿಸುತ್ತಿದ್ದ ಪರದೆ ಕಪ್ಪಾಯಿತು. ಹೊಳೆಯ ಕಡೆಯಿಂದ ಗಾಳಿ ಎದ್ದು ಶಾಮಿಯಾನ ಹಾರಾಡತೊಡಗಿತು. "ಉಳಿದದ್ದು ನಾಳೆ ಬೆಳಿಗ್ಗೆ ಹೇಳುತ್ತೇವೆ, ಡಬ್ಬಿ ತನ್ನಿ," ಎಂದಷ್ಟೇ ಹೇಳಿ ಕಳಿಸಿದೆವು.

ಮರುದಿನ ಎಲ್ಲರೂ ಡಬ್ಬಿ ತಂದರು. ಒಂದೂ ಖಾಲಿ ಇರಲಿಲ್ಲ. ಡಾಕ್ಟರಮ್ಮ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲನೆಯದರ ಮುಚ್ಚಳ ತೆಗೆದರು. ಶೇಂಗಾ ಚಟ್ನಿಪುಡಿ. ಎರಡನೆಯದರಲ್ಲಿ ಸಕ್ಕರೆ. ಮೂರನೆಯದರಲ್ಲಿ, ಹಡಗಲಿ ಸೀಮೆಯಲ್ಲವೇ, ಒತ್ತಿ ತುಂಬಿದ ಮಲ್ಲಿಗೆ ಮೊಗ್ಗು.

ನಮ್ಮಲ್ಲಿ ಒಬ್ಬರ ಮನೆಯ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಇನ್ನೇನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಅದನ್ನು ಡಾಕ್ಟರಮ್ಮನಿಗೆ ವಿವರಿಸುವಾಗ ನನಗೆ ಹಗರಿಬೊಮ್ಮನಹಳ್ಳಿಯಲ್ಲಿ ಉಳಿದ ಸ್ಟೀಲ್ ಡಬ್ಬಿಯ ನೆನಪಾಯಿತು. ಖಾಲಿ ಕಳಿಸುವಂತಿಲ್ಲ. ಅಣ್ಣನಿಲ್ಲದ ಮನೆಗೆ ಮಿರ್ಚಿ ತುಂಬಲು ಮೈದುನನಿಗೆ ಕೈ ಬರುವುದಿಲ್ಲ. ಅವನು ಅದನ್ನು ಯಾಕೆ ಇಟ್ಟುಕೊಂಡಿದ್ದಾನೆಂದು ಆಗ ಗೊತ್ತಾಯಿತು.

ಜೀಪಿನ ಹಿಂದೆ ಚಾಚಾ ಆಗಲೇ ರೊಟ್ಟಿ ಬಿಚ್ಚಿ ಕೂತಿದ್ದರು. "ಡಾಕ್ಟರಮ್ಮ, ಈ ಊರಿನ ಸ್ಯಾಂಪಲ್ ಬಾಳ ಚೊಲೋ ಅದಾವ," ಎಂದರು.

ಡಬ್ಬಿಯಲ್ಲಿ ನಿಜವಾಗಿ ಏನು ಬೇಕಾಗಿತ್ತೆಂದು ನಾನು ನಿಂತು ವಿವರಿಸಿದೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ಒಬ್ಬರನ್ನೊಬ್ಬರು ನೋಡಿಕೊಂಡರು. ಚಟ್ನಿಪುಡಿ ತಂದಿದ್ದ ಅಜ್ಜಿ ಮಾತ್ರ ನನ್ನನ್ನು ದಿಟ್ಟಿಸಿದಳು.

"ಅದ ಬೇಕು ಅಂತ ನಿನ್ನೇನ ಹೇಳಾಕ ಏನಾಗಿತ್ತವ್ವಾ? ಹೊತ್ತು ಹುಟ್ಟಾಕ ಮೊದಲ ಎದ್ದು ಶೇಂಗಾ ಹುರಿಯೋದು ತಪ್ಪತಿತ್ತು."

ಮರುದಿನ ಎಲ್ಲರೂ ತಂದುಕೊಟ್ಟರು. ನಾನು ಒಂದು ಡಬ್ಬಿಯನ್ನು ಬಸ್ಸಿನಲ್ಲಿ ಮೈದುನನಿಗೂ ಕಳಿಸಿದೆ. ಅವನಿಗೆ ಎಲ್ಲವನ್ನೂ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. ಆದರೂ ಅದು ಪೆಪ್ಪರಮೆಂಟು ತುಂಬಿಕೊಂಡು ವಾಪಸ್ ಬಂತು.

ಸೋಡಾ

ಕೊಟ್ಟೂರಿನದು ಸಣ್ಣ ಪ್ರಸಂಗ. ನಾವು ಟೇಬಲ್ ಹಾಕಿದ್ದು ಒಂದು ಸೋಡಾ ಅಂಗಡಿಯ ನೆರಳಲ್ಲಿ. "ತಿಂಗಳುಗಟ್ಟಲೆ ಹೊಟ್ಟೆ ಉಬ್ಬರ ಇದ್ದರೆ ಸೋಡಾ ಕುಡಿದು ಸುಮ್ಮನಿರಬೇಡಿ, ಪರೀಕ್ಷೆ ಮಾಡಿಸಿ," ಎಂದು ಡಾಕ್ಟರಮ್ಮ ಮೈಕಿನಲ್ಲಿ ಹೇಳಿದ ಮೇಲೆ, ನೆರಳು ಕೊಟ್ಟವರ ಮುಂದೆಯೇ ಹೀಗೆ ಹೇಳಿದೆವಲ್ಲ ಎಂದು ನನಗೆ ಸಂಕೋಚವಾಯಿತು. ಅಂಗಡಿಯವನು ಕೈ ಒರೆಸಿಕೊಂಡು ಬಂದ. ಬೈಯುತ್ತಾನೆಂದುಕೊಂಡೆ.

"ನಂಗೂ ಒಂದು ಡಬ್ಬಿ ಕೊಡ್ರಿ. ವರ್ಷಾತು, ಹೊಟ್ಟಿ ಉಬ್ಬರಿಸೇ ಇರತೈತಿ."

"ಸೋಡಾ ಕುಡಿದು ನೋಡಲಿಲ್ಲವೇ?" ಎಂದು ಡಾಕ್ಟರಮ್ಮ ಕೇಳಿದರು.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾನ್ಯಾಕ ಕುಡೀಲಿ ಬಿಡ್ರಿ? ಅದರಾಗ ಏನ್ ಹಾಕ್ತೀನಿ ಅಂತ ನಂಗ ಗೊತ್ತಿಲ್ಲೇನು?"

ತಲೆ ಡೆಸ್ಕಿನ ಮೇಲೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ಗಂಡಸರ ಸಭೆ. ಅದು ನನ್ನ ಮೈದುನನ ಹೆಂಡತಿಯ ತವರು. ಮೈದುನ ತನ್ನ ಮಾವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಸಭೆಗೆ ಬಂದಿದ್ದ. "ನಾನು ಇವರನ್ನ ಬಿಡಾಕ ಬಂದೇನಿ ಅಷ್ಟ," ಎಂದು ನನಗೆ ಮೊದಲೇ ಹೇಳಿಬಿಟ್ಟ.

ಸಭೆ ಶಾಲೆಯ ಕೋಣೆಯಲ್ಲಿತ್ತು. ಡಾಕ್ಟರಮ್ಮ ಸಂಶೋಧನೆಯ ಪ್ರಶ್ನೆ ಶುರು ಮಾಡಿದರು. "ಯಾರಿಗೆ ಮಲಬದ್ಧತೆ ಇದೆ?" ಯಾರೂ ಇಲ್ಲ. "ಯಾರಿಗಾದರೂ ರಕ್ತ ಕಂಡಿದೆಯೇ?" ಎಲ್ಲರೂ ಸೂರು ನೋಡಿದರು.

ಹಿಂದಿನ ಬೆಂಚಿನ ಇನ್ನೊಬ್ಬ ಹಿರಿಯರು ಎದ್ದು ನಿಂತರು. "ಡಾಕ್ಟ್ರೇ, ನನ್ನ ಈ ಕಡೆ ಕೂತೋನು ನನ್ನ ಅಳಿಯ. ಆ ಕಡೆ ಕೂತೋರು ನಮ್ಮ ಬೀಗರು. ಅಂಥಾ ಮಾತು ಇವರ ನಡುವೆ ಹೆಂಗ್ ಆಡ್ಲಿ?"

ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ಇನ್ಯಾರಿಗೋ ಬೀಗರೇ. ಜನ ಯಾಕೆ ತಡವಾಗಿ ಬರುತ್ತಾರೆ ಎಂಬ ಸಂಶೋಧನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತೆಂದು ನನಗನ್ನಿಸಿತು. ಉಳಿದರ್ಧಕ್ಕೆ ನಾನು ನನ್ನ ಕೆಲಸದ ದಾರಿ ಹಿಡಿದೆ. ತರಗತಿಯಲ್ಲಿ ಯಾರ ಮರ್ಯಾದೆಯೂ ಹೋಗದಂತೆ ನಿಜ ತಿಳಿಯಬೇಕಾದಾಗ ಮಾಡುವುದು ಒಂದೇ.

"ಎಲ್ಲರೂ ತಲೆ ಡೆಸ್ಕಿನ ಮೇಲೆ ಇಡ್ರಿ," ಎಂದೆ. "ಕಣ್ಣು ಮುಚ್ಚಿರಿ. ನಾನು ಕೇಳಿದ್ದಕ್ಕೆ ಹೌದು ಅನ್ನೋರು ಕೈ ಎತ್ರಿ. ಇಣುಕಿದೋರನ್ನ ಹೊರಗೆ ನಿಲ್ಲಿಸ್ತೀನಿ."

ರುಮಾಲು ಸುತ್ತಿದ ತಲೆಗಳು, ಬೋಳು ತಲೆಗಳು ಎಲ್ಲವೂ ಮಕ್ಕಳ ಡೆಸ್ಕಿನ ಮೇಲೆ ಇಳಿದವು. ನಾನು ಒಂದೊಂದೇ ಪ್ರಶ್ನೆ ಕೇಳಿದೆ. ಕೈಗಳು ಎದ್ದವು, ಇಳಿದವು. ಡಾಕ್ಟರಮ್ಮ ಎಣಿಸಿ ಬರೆದುಕೊಳ್ಳುತ್ತಾ ಹೋದರು.

"ಹೊರಕಡೆಗೆ ಹೋದಾಗ ರಕ್ತ ಕಂಡೋರು?"

ಕಿಟಕಿಯ ಪಕ್ಕದ ಡೆಸ್ಕಿನಿಂದ ಒಂದು ಕೈ ನಿಧಾನವಾಗಿ ಮೇಲೆದ್ದಿತು. ಮಣಿಕಟ್ಟಿನ ತುಂಬ ಎಣ್ಣೆ ಸಿಡಿದ ಕಲೆಗಳು. ಉಗುರ ಸಂದಿಯಲ್ಲಿ ಕಡಲೆಹಿಟ್ಟು. ಆ ಕೈ ಯಾರದೆಂದು ನೋಡಲು ನನಗೆ ಮುಖ ಬೇಕಾಗಿರಲಿಲ್ಲ. "ಕೈ ಇಳಿಸ್ರಿ," ಎಂದೆ. ಮುಂದಿನ ಪ್ರಶ್ನೆಗೆ ಹೋದೆ.

ಅವನ ಪಕ್ಕದಲ್ಲೇ ಅವನ ಮಾವನ ಕೈ ಮೊದಲ ಪ್ರಶ್ನೆಯಿಂದಲೂ ಎದ್ದೇ ಇತ್ತು. ಎಲ್ಲ ಕಾಯಿಲೆಗೂ ಹೌದು, ಎಲ್ಲ ಔಷಧಿಗೂ ಹೌದು. ಡಾಕ್ಟರಮ್ಮನಿಗೆ ಗಾಬರಿಯಾಯಿತು. ನನ್ನ ಕೈಯಿಂದ ಪ್ರಶ್ನೆಗಳ ಹಾಳೆ ಇಸಿದುಕೊಂಡರು. ಹೆಂಗಸರ ಹಾಳೆಯೂ ಅದರ ಜೊತೆಗೇ ಸೇರಿಕೊಂಡಿತ್ತೇನೋ, ಅದೇ ಓಟದಲ್ಲಿ ಓದಿಬಿಟ್ಟರು: "ಈಗ ಗರ್ಭಿಣಿಯರು ಯಾರಾದರೂ ಇದ್ದೀರಾ?"

ಕೈ ಎದ್ದೇ ಇತ್ತು. ಹತ್ತಿರ ಹೋಗಿ ನೋಡಿದರೆ ಅವರು ಡೆಸ್ಕಿಗೆ ಮೊಣಕೈ ಊರಿ ಗಾಢ ನಿದ್ದೆಯಲ್ಲಿದ್ದರು.

ಹೊರಗೆ ಬೇವಿನ ಮರದ ಕೆಳಗೆ ನಾನು ಮೈದುನನ ಕೈಗೆ ಒಂದು ಬಿಳಿ ಡಬ್ಬಿ ಕೊಟ್ಟೆ. ಅವನು ಅದನ್ನು ಜೇಬಿಗೆ ಹಾಕಿಕೊಂಡ.

"ಮೂಲವ್ಯಾಧಿ ಇರಬೇಕು ಅತ್ತಿಗಿ."

"ಇರಲಿ. ಪರೀಕ್ಷೆ ಹೇಳಲಿ."

"ನಿನಗ ಹ್ಯಾಂಗ ಗೊತ್ತಾತು? ಎಲ್ಲಾರೂ ಕಣ್ಣು ಮುಚ್ಚಿದ್ವಿ."

"ಟೀಚರ್ ಮುಚ್ಚೋದಿಲ್ಲ."

ಕಂಡಕ್ಟರನ ಪಾಲು

ಸ್ಟೀಲ್ ಡಬ್ಬಿ ಓಡಾಡುತ್ತಿದ್ದ ಕಾಲದಲ್ಲಿ ಅದನ್ನು ತಂದುಕೊಡುವ ಕಂಡಕ್ಟರನಿಗೆ ಒಂದು ಹಕ್ಕಿತ್ತು. ದಾರಿಯಲ್ಲಿ ಒಂದು ಮಿರ್ಚಿ ಅವನದು. ಯಾರೂ ಕೊಟ್ಟದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ.

ನಾನು ನೀಲಗುಂದದಿಂದ ಬಂದ ಮೂರನೆಯ ದಿನ ಸಂಜೆ ಆ ಕಂಡಕ್ಟರ್ ನಮ್ಮ ಬಾಗಿಲಿಗೆ ಬಂದ. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಸಣ್ಣ ಪೊಟ್ಟಣವನ್ನು ಕೈ ಚಾಚಿ, ಮೈಯಿಂದ ದೂರ ಹಿಡಿದಿದ್ದ. ದಾರದ ಗಂಟು ಎರಡನೇ ಸಲ ಕಟ್ಟಿದಂತಿತ್ತು.

"ಮೇಡಮ್, ಬಾಳ ದಿನದ ಮ್ಯಾಲ ಮಿರ್ಚಿ ಅಂಗಡಿಯಿಂದ ಕಳಿಸ್ಯಾರಲ್ಲ ಅಂತ ಖುಷಿ ಆತ್ರಿ. ನನ್ನ ಪಾಲು ತಗೊಳ್ಳೋಣಂತ..."

"ಬಿಚ್ಚಿದ್ರಾ?"

"ಬಿಚ್ಚಿದ್ನಿರಿ."

ಅವನು ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಇನ್ನ ಮ್ಯಾಲ ನನ್ನ ಪಾಲು ನೀವ ಇಟ್ಕೊಳ್ರಿ."

ಅಂದು ನಾನು ನಕ್ಕೆ. ಮನೆಯೊಳಗೆ ನನ್ನ ನಗು ಕೇಳಿ ಬಹಳ ದಿನಗಳಾಗಿದ್ದವು.

ತಡವಾದ ಬಸ್ಸು

ಪರೀಕ್ಷೆಯಲ್ಲಿ ರಕ್ತ ಕಂಡುಬಂತು. ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಫೌಂಡೇಶನ್ನಿನ ಡಾಕ್ಟರುಗಳೇ ಕ್ಯಾಮೆರಾ ಹಾಕಿ ಕರುಳು ನೋಡುವುದೆಂದಾಯಿತು. ಅದರ ಹಿಂದಿನ ದಿನ ಗಂಜಿನೀರು, ಎಳನೀರು ಬಿಟ್ಟು ಏನೂ ತಿನ್ನಬಾರದು. ಸಂಜೆ ಕರುಳು ತೊಳೆಯುವ ಔಷಧಿಯನ್ನು ನೀರಿನಲ್ಲಿ ಕಲಸಿ ಕುಡಿದು ಮನೆಯಲ್ಲೇ ಇರಬೇಕು.

"ಮನೆಯಲ್ಲೇ ಇರಬೇಕು" ಎಂಬುದನ್ನು ನಾನು ಮೂರು ಸಲ ಹೇಳಿದ್ದೆ. ಆದರೆ ಸಂಜೆಯೇ ಮಿರ್ಚಿಯ ಹೊತ್ತು. ಅಂಗಡಿ ಮುಚ್ಚಿದರೆ ಯಾಕೆಂದು ಊರು ಕೇಳುತ್ತದೆ. ಸುದ್ದಿಯಾಗಬಾರದೆಂದು ಅವನು ಔಷಧಿ ಕುಡಿದು, ಬಾಯಿ ಒರೆಸಿಕೊಂಡು, ಒಲೆ ಹೊತ್ತಿಸಿದ. ನಾನು ಹೋಗುವಷ್ಟರಲ್ಲಿ ಬಾಣಲೆ ಕಾದಿತ್ತು.

"ದಿನಾ ಈ ಖಾರದ ಘಾಟು ಕುಡಿಯೋ ಹೊಟ್ಟಿ ಇದು," ಎಂದ. "ಆ ಬಿಳಿ ನೀರು ಏನ್ ಮಾಡ್ತೈತಿ?"

ಹರಪನಹಳ್ಳಿ ಬಸ್ಸು ಬಂದು ನಿಂತಿತು. ಪ್ರಯಾಣಿಕರು ಇಳಿದು ಅಂಗಡಿಗೆ ಮುತ್ತಿದರು. ಒಂದು ಬಾಣಲೆ ತುಂಬ ಮಿರ್ಚಿ ಬಿಟ್ಟಿದ್ದಾನೆ, ಅಷ್ಟರಲ್ಲಿ ಮೈದುನನ ಮುಖ ಬದಲಾಯಿತು. ಜಾಲರಿ ಸೌಟನ್ನು ಎದುರಿಗಿದ್ದವರ ಕೈಗೆ ತುರುಕಿ, ಒಂದು ಮಾತೂ ಆಡದೆ, ಬಸ್‌ಸ್ಟ್ಯಾಂಡಿನ ಹಿಂದಕ್ಕೆ ಓಡಿದ.

ಎದುರಿಗಿದ್ದವರು, ನಮ್ಮ ಡಬ್ಬಿ ತರುತ್ತಿದ್ದವನಲ್ಲ, ಆ ಹರಪನಹಳ್ಳಿ ಬಸ್ಸಿನ ಕಂಡಕ್ಟರು.

"ಮೇಡಮ್, ಇದನ್ನೇನ್ ಮಾಡ್ಲಿ?" ಎಂದರು.

"ತಿರುವಿ ಹಾಕ್ರಿ, ಕರಕಾಗ್ತಾವು," ಎಂದೆ. ಅವರು ತಿರುವಿದರು. ಒಂದು ಬಾಣಲೆ ಇಳಿಯಿತು. ಜನ ಇನ್ನೂ ನಿಂತಿದ್ದರು. ನಾನು ಸೆರಗು ಸಿಕ್ಕಿಸಿ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕೊಟ್ಟೆ. ಅವರು ಎಣ್ಣೆಗೆ ಬಿಟ್ಟರು. ಮೈದುನ ಬಂದ, ಸೌಟು ಹಿಡಿದ, ಮತ್ತೆ ಓಡಿದ. ಡ್ರೈವರು ಹಾರನ್ ಹೊಡೆದೂ ಹೊಡೆದೂ ಕೊನೆಗೆ ತಾನೇ ಇಳಿದು ಬಂದ.

"ಯಾಕ ತಡಾ? ಕಂಡಕ್ಟರ್ ಎಲ್ಲಿ?"

ಖಾಕಿ ಅಂಗಿಯ ತೋಳು ಮಡಿಸಿ, ಬೆವರು ಒರೆಸಿಕೊಳ್ಳುತ್ತಾ ಕಂಡಕ್ಟರು ತಲೆ ಎತ್ತಿದರು. "ಇದೊಂದು ಬಾಣಲಿ ಇಳೀಲಿ ತಡೀರಿ. ಈಗ ಹದಕ್ಕೆ ಬಂದೈತಿ."

ಸುದ್ದಿ ಮುಚ್ಚಿಡುವ ಮಾತು ಅಲ್ಲಿಗೆ ಮುಗಿಯಿತು. ಯಾಕೆ ಓಡುತ್ತಿದ್ದಾನೆಂದು ಬಸ್ಸಿನವರೆಲ್ಲ ಕೇಳಿದರು, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಿರ್ಚಿ ತಿನ್ನುವುದನ್ನು ಯಾರೂ ನಿಲ್ಲಿಸಲಿಲ್ಲ. ಇಬ್ಬರು ಆ ಬಿಳಿ ಡಬ್ಬಿ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಹೋದರು.

ದಾವಣಗೆರೆಯಲ್ಲಿ ಪರದೆಯ ಮೇಲೆ ಕರುಳು ಕಾಣುವಾಗ ಮೈದುನನಿಗೆ ಎಚ್ಚರವಿತ್ತಂತೆ. ಒಳಗೆ ನಡೆದದ್ದನ್ನು ಡಾಕ್ಟರಮ್ಮ ಹೊರಗೆ ಬಂದು ಹೇಳಿದರು. ಎರಡು ಗಂಟುಗಳಿದ್ದವು, ಎರಡಕ್ಕೂ ಸಣ್ಣ ತೊಟ್ಟು ಇತ್ತು. ತಂತಿ ಹಾಕಿ ತೆಗೆಯುವಾಗ ಇವನು ಮಲಗಿದಲ್ಲಿಂದಲೇ ಕಲಿಸಿಕೊಟ್ಟನಂತೆ: "ತೊಟ್ಟು ಹಿಡೀರಿ ಡಾಕ್ಟ್ರ, ತೊಟ್ಟು. ಮಿರ್ಚಿ ಹಂಗ ಎತ್ರಿ."

ಪರೀಕ್ಷೆಗೆ ಕಳಿಸಿದ ಗಂಟುಗಳ ವರದಿ ಬರುವವರೆಗೆ ನಾನು ಪಾಠ ಮಾಡಿದೆ, ಹಾಜರಿ ಹಾಕಿದೆ, ಮನೆಗೆ ಬಂದೆ. ವರದಿ ಬಂದ ದಿನ ಮೈದುನನ ಜೊತೆ ಹೋದೆ. ಕ್ಯಾನ್ಸರ್ ಅಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದದ್ದು ಈಗ ಆಗುವುದಿಲ್ಲ. ಆಗಾಗ ಬಂದು ನೋಡಿಸಿಕೊಂಡರೆ ಸಾಕು. ತಲೆ ಡೆಸ್ಕಿನ ಮೇಲಿಡಿಸುವ ನೀಲಗುಂದದ ಕ್ರಮವನ್ನೇ ಐದೂ ತಾಲ್ಲೂಕಿನ ಶಿಕ್ಷಕರಿಗೆ ಕಲಿಸಬೇಕೆಂದು ಫೌಂಡೇಶನ್ನಿನವರು ತೀರ್ಮಾನಿಸಿದ್ದಾರೆಂದೂ ಡಾಕ್ಟರಮ್ಮ ಹೇಳಿದರು. ಮೈದುನ ಅದನ್ನೆಲ್ಲ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಡಾಕ್ಟ್ರ, ಒಂದು ಕೇಳ್ಲಾ? ನಮ್ಮಣ್ಣ ವಾರ ವಾರ ನನ್ನ ಮಿರ್ಚಿ ತಿಂತಿದ್ದ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ವಾರಕ್ಕೊಮ್ಮೆ ತಿಂದ ನಿಮ್ಮ ಮಿರ್ಚಿಯಿಂದ ನಿಮ್ಮಣ್ಣ ಹೋಗಲಿಲ್ಲ. ಗಂಟು ಇದ್ದದ್ದು ಗೊತ್ತಾಗದೆ ಹೋದರು. ನಿಮ್ಮದು ಗೊತ್ತಾಯಿತು."

ಅವನು ತಲೆಯಾಡಿಸಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಹರಪನಹಳ್ಳಿ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದ.

ಆ ಭಾನುವಾರ ಸಂಜೆ ನಮ್ಮ ಬಾಗಿಲಿಗೆ ನನ್ನ ಹಳೆಯ ಕಂಡಕ್ಟರ್ ಬಂದ. ಕೈಯಲ್ಲಿ ಎಣ್ಣೆ ಕಲೆಯ ಬಟ್ಟೆ ಸುತ್ತಿದ ಆ ಸ್ಟೀಲ್ ಡಬ್ಬಿ. ಈ ಸಲವೂ ಮೈಯಿಂದ ದೂರವೇ ಹಿಡಿದಿದ್ದ.

"ಮೇಡಮ್, ನಾ ಬಿಚ್ಚಿಲ್ರಿ. ಮೂಸೀನೂ ನೋಡಿಲ್ಲ. ನೀವ ತಗೀರಿ."

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಅದು ಇನ್ನೂ ಬೆಚ್ಚಗಿತ್ತು.